ಮೂಕ ವಿಡಿಯೋಗಳ ಬಗೆಗೊಂದು ತಕರಾರು

ಪ್ರಿಯ ವಿದ್ಯಾರ್ಥಿಮಿತ್ರರೇ, ಬಂಧುಗಳೇ,

ಎಂಟನೆಯ ತರಗತಿಯಲ್ಲಿ ನನ್ನಿಂದ ವಿಜ್ಞಾನ ಕಲಿತವರಿಗೆ ಗಾಜಿನ ಜಾಡಿಯೊಳಗಿನ ವಿದ್ಯುತ್ ಗಂಟೆಯ ಪ್ರಯೋಗ ನೆನಪಿರಬಹುದು. ಒಳಗೆ ಗಂಟೆ ಬಾರಿಸುತ್ತಿರುವಾಗಲೇ ಪಂಪಿನಿಂದ ಜಾಡಿಯ ಗಾಳಿಯನ್ನು ಹೊರಗೆಳೆಯುತ್ತಾ ಹೋದಂತೆ ನಾದವು ಕ್ರಮೇಣ ಕ್ಷೀಣಿಸುತ್ತದೆ. ಸುತ್ತಿಗೆ ಮಾತ್ರ ಗಂಟೆಗೆ ಬಡಿಯುತ್ತಲೇ ಇರುತ್ತದೆ. ನಮ್ಮ ಶಾಲೆಯ ಪಂಪು ಹಳೆಯದು. ಆದ್ದರಿಂದ ನಾದ ಪೂರ್ತಿಯಾಗಿ ಅಡಗಿದ್ದನ್ನು ನಾವು ಯಾರೂ ಕಾಣಲಿಲ್ಲ. "ಸಾರ್, ಇನ್ನೂ ಕೇಳಿಸ್ತಾ ಇದೆ" ಎಂದು ಹಿಂದಿನ ಬೆಂಚಿನಿಂದ ಕೂಗುತ್ತಿದ್ದವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬೇಕು. ಸುತ್ತಿಗೆಯ ಬಡಿತ ಕಣ್ಣಿಗೆ ಕಾಣುತ್ತಿದ್ದು, ನಾದವು ಸಂಪೂರ್ಣವಾಗಿ ಇಲ್ಲವಾದದ್ದನ್ನು ನಾನು ಮೊದಲ ಬಾರಿಗೆ ಕಂಡದ್ದು ನಿವೃತ್ತನಾದ ಎಷ್ಟೋ ವರ್ಷಗಳ ಬಳಿಕ, ನನ್ನದೇ ಮೊಬೈಲ್ ಫೋನಿನಲ್ಲಿ. ಗಂಟೆಯ ಜಾಗದಲ್ಲಿದ್ದವಳು ನನ್ನ ಅಕ್ಕ.

ಅಕ್ಕ ತೀರಿಕೊಂಡದ್ದು 2024ರ ಸೆಪ್ಟೆಂಬರಿನಲ್ಲಿ. ಮೊನ್ನೆ ಅವಳ ವರ್ಷಾಬ್ದಿಕ ಮುಗಿದ ಸಂಜೆ, ನಾವೆಲ್ಲ ಜಗಲಿಯಲ್ಲಿ ಕುಳಿತಿದ್ದಾಗ, ಮನೆಯ ಹುಡುಗರು ಟಿ.ವಿ.ಯಲ್ಲಿ ಒಂದು ವಿಡಿಯೋ ಹಾಕಿದರು. 2023ರ ಮೇ ತಿಂಗಳಲ್ಲಿ ಅಕ್ಕನ ಮೊಮ್ಮಗಳ ಮದುವೆಯ ಹಿಂದಿನ ಸಂಜೆ, ಅಂಗಳದ ಚಪ್ಪರದಲ್ಲಿ ಕುಳಿತು ಅಕ್ಕ ಹಸೆಗೆ ಕರೆಯುವ ಹಾಡನ್ನು ಹೇಳಿದ ವಿಡಿಯೋ. ಸುಮಾರು ನಾಲ್ಕು ನಿಮಿಷದ್ದು. ಆ ಹಾಡು ನಮ್ಮ ಅಮ್ಮನಿಂದ ಅವಳಿಗೆ ಬಂದದ್ದು. ಯಾವ ಪುಸ್ತಕದಲ್ಲಿಯೂ ನಾನದನ್ನು ಕಂಡಿಲ್ಲ. ಟಿ.ವಿ.ಯಲ್ಲಿ ಅಕ್ಕನ ತುಟಿಗಳು ಅಲುಗುತ್ತಿದ್ದವು, ಕೈ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ಕೇಳಿಬರುತ್ತಿದ್ದದ್ದು ಮಾತ್ರ ತಾಯಿಯ ಮಮತೆಯನ್ನು ಕುರಿತ ಯಾವುದೋ ಸಿನಿಮಾ ಹಾಡು, ಹಿನ್ನೆಲೆಯಲ್ಲಿ ಪಿಟೀಲುಗಳು.

ನಾನು ಎದ್ದು ಹೋಗಿ ಟಿ.ವಿ. ಆರಿಸಿದೆ.

ಅಕ್ಕನ ಮಗನಿಗೆ ನೋವಾಯಿತು. "ಮಾವ, ಅದರಲ್ಲಿ ಸೌಂಡೇ ಇರಲಿಲ್ಲ. ಬರೀ ಮೂಕಿ ಚಿತ್ರದ ಹಾಗೆ ಇರುತ್ತಲ್ಲ ಅಂತ ಹಾಡು ಸೇರಿಸಿದ್ದು. ಏನು ತಪ್ಪಾಯ್ತು?" ಎಂದು ಕೇಳಿದ. ಬಂದ ನೆಂಟರ ಎದುರಿಗೆ ಉತ್ತರಿಸಲು ಆಗಲಿಲ್ಲ. ಈಗ ಉತ್ತರಿಸುತ್ತಿದ್ದೇನೆ. ಉತ್ತರ ತುಸು ದೀರ್ಘವಾದೀತು. ಮೇಷ್ಟ್ರ ಅಭ್ಯಾಸ, ಕ್ಷಮಿಸಿ. ಇದರಲ್ಲಿ ನನ್ನ ತಪ್ಪೊಪ್ಪಿಗೆಯೂ ಇದೆ.

ನನ್ನ ತಕರಾರು ಇಷ್ಟು. ಫೋನಿನ ವಿಡಿಯೋದಲ್ಲಿ ಶಬ್ದ ಬಾರದಿರುವುದನ್ನು ನಾವು ಆಕಸ್ಮಿಕ ಎನ್ನುತ್ತೇವೆ, ಯಂತ್ರದ ದೋಷ ಎನ್ನುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಅದು ಎರಡೂ ಅಲ್ಲ. ಚಿತ್ರವೇ ಮುಖ್ಯ, ಶಬ್ದವು ಅದರ ಹಿಂದೆ ತಾನಾಗಿ ಬರುವ ಪರಿಚಾರಕ ಎಂದು ನಾವು ತಿಳಿದಿರುವುದರ ಫಲ ಅದು. ಹಾಗೆ ತಿಳಿದಿರುವುದರಿಂದಲೇ ಮೊದಲೇ ಪರೀಕ್ಷಿಸುವುದಿಲ್ಲ. ಹೋದ ಮೇಲೆ ಹುಡುಕುವುದಿಲ್ಲ. ಸಿಕ್ಕದಿದ್ದಾಗ ಇನ್ನೊಂದು ಶಬ್ದವನ್ನು ಅದರ ಜಾಗದಲ್ಲಿ ಕೂರಿಸಿ ಸಮಾಧಾನ ಹೊಂದುತ್ತೇವೆ. ಮೊದಲೆರಡು ಅಲಕ್ಷ್ಯ. ಮೂರನೆಯದನ್ನು ನಾನು ಅಪರಾಧವೆಂದೇ ಕರೆಯುತ್ತೇನೆ.

ಮೊದಲು ನನ್ನ ಅಲಕ್ಷ್ಯದ ಕಥೆ. ಆ ಸಂಜೆ ವಿಡಿಯೋ ತೆಗೆದದ್ದು ನನ್ನ ಫೋನಿನಲ್ಲಿ. ಫೋನು ಹಿಡಿದಿದ್ದವನು ನನ್ನ ತಂಗಿಯ ಮೊಮ್ಮಗ, ಆಗ ಒಂಬತ್ತನೆಯ ತರಗತಿಯ ಹುಡುಗ. ಕೈ ಅಲುಗಿಸದೆ, ಅಕ್ಕನ ಮುಖ ಮತ್ತು ಕೈ ಎರಡೂ ಕಾಣುವಂತೆ ಚೆನ್ನಾಗಿಯೇ ಹಿಡಿದಿದ್ದ. ಮದುವೆ ಮನೆಯ ಗದ್ದಲದಲ್ಲಿ ಯಾರೂ ಕೇಳಿ ನೋಡಲಿಲ್ಲ. ವೃತ್ತಿಪರ ಛಾಯಾಗ್ರಾಹಕರು ಬರುವುದು ಮಾರನೆಯ ದಿನ ಛತ್ರಕ್ಕೆ. ಹಿಂದಿನ ಸಂಜೆಯ ಚಪ್ಪರದ ಹಾಡು ಅವರ ಲೆಕ್ಕಕ್ಕೆ ಸೇರಿದ್ದಲ್ಲ. ಮೂರು ದಿನಗಳ ನಂತರ ನಿಧಾನವಾಗಿ ಕುಳಿತು ನೋಡಿದಾಗ ವಿಡಿಯೋ ಮೂಕವಾಗಿತ್ತು. "ಏನು ಒತ್ತಿದೆಯೋ ನೀನು?" ಎಂದು ಎಲ್ಲರೆದುರು ಹುಡುಗನನ್ನು ಗದರಿದೆ. "ಅಜ್ಜಾ, ನಾನು ಕೆಂಪು ಬಟನ್ ಒತ್ತಿದ್ದು ಬಿಟ್ಟರೆ ಬೇರೆ ಏನೂ ಮಾಡಿಲ್ಲ" ಎಂದು ಅವನು ಅಳುವ ದನಿಯಲ್ಲಿ ಹೇಳಿದ. ಅಕ್ಕನೇ ಅವನನ್ನು ಹತ್ತಿರ ಕರೆದು, "ಹೋಗಲಿ ಬಿಡೋ, ಇನ್ನೊಂದು ದಿನ ಹೇಳಿದರಾಯಿತು" ಎಂದಳು. ಆ ಇನ್ನೊಂದು ದಿನ ಬರಲಿಲ್ಲ. ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ, ಹದಿನಾರು ತಿಂಗಳು ಕಳೆದುಹೋದವು.

ಫೋನನ್ನು ಪೇಟೆಯ ಅಂಗಡಿಗೆ ಒಯ್ದೆ. ಅಂಗಡಿಯವರು ನೋಡಿದ ಕೂಡಲೇ "ಮೈಕ್ ಹೋಗಿದೆ" ಎಂದು ಬದಲಾಯಿಸಿ ಹಣ ತೆಗೆದುಕೊಂಡರು. ಮನೆಗೆ ಬಂದು ವಿಡಿಯೋ ತೆಗೆದರೆ ಮತ್ತೂ ಮೌನ! ಆಗ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ತಡವಾಗಿ ಎಚ್ಚರಗೊಂಡ. ಕರೆ ಮಾಡಿದರೆ ನನ್ನ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಧ್ವನಿ ಮುದ್ರಿಸುವ ಆಪ್‌ನಲ್ಲಿಯೂ ದನಿ ಬರುತ್ತಿತ್ತು. ಕ್ಯಾಮೆರಾಕ್ಕೆ ಮಾತ್ರ ಕಿವುಡು. ಸೆಟ್ಟಿಂಗ್ಸ್ ತೆರೆದು ಕ್ಯಾಮೆರಾ ಆಪ್‌ಗೆ ಕೊಟ್ಟಿರುವ ಅನುಮತಿಗಳನ್ನು ನೋಡಿದರೆ, ಮೈಕ್ರೊಫೋನ್ ಎಂಬುದರ ಎದುರಿಗೆ 'ಅನುಮತಿ ಇಲ್ಲ' ಎಂದಿತ್ತು.

ಅದನ್ನು ನಿರಾಕರಿಸಿದ್ದು ನಾನೇ. ಮದುವೆಗೆ ಹದಿನೈದು ದಿನ ಮೊದಲು ವಾಟ್ಸಾಪಿನಲ್ಲಿ ಸಂದೇಶವೊಂದು ಬಂದಿತ್ತು: ನಿಮ್ಮ ಫೋನು ನಿಮ್ಮ ಮಾತುಗಳನ್ನು ಕದ್ದು ಕೇಳುತ್ತಿದೆ, ಕೂಡಲೇ ಎಲ್ಲ ಆಪ್‌ಗಳ ಮೈಕ್ ಅನುಮತಿ ತೆಗೆಯಿರಿ ಎಂದು. ಕರೆಗೆ, ವಾಟ್ಸಾಪಿಗೆ, ಧ್ವನಿಮುದ್ರಣಕ್ಕೆ ಬೇಕಾದವನ್ನು ಬಿಟ್ಟು ಉಳಿದವಕ್ಕೆಲ್ಲ ನಾನು ಶಿಸ್ತಿನಿಂದ ಬಾಗಿಲು ಹಾಕಿದ್ದೆ. ಕ್ಯಾಮೆರಾ ಎಂದರೆ ಕಣ್ಣು, ಅದಕ್ಕೇಕೆ ಕಿವಿ ಎಂದು ಭಾವಿಸಿದ್ದೆ! ಛಾಯಾಚಿತ್ರಗಳು ಎಂದಿನಂತೆಯೇ ಬರುತ್ತಿದ್ದುದರಿಂದ ಅನುಮಾನವೇ ಬರಲಿಲ್ಲ.

ಈ ಸಂಗತಿಯನ್ನು ನಾನು ಎರಡು ವರ್ಷಕ್ಕೂ ಮಿಕ್ಕಿ ಯಾರಿಗೂ ಹೇಳಲಿಲ್ಲ. ಆ ಹುಡುಗನಿಗೂ ಹೇಳಲಿಲ್ಲ. 'ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತೇನೆ, ತಪ್ಪು ಮುಚ್ಚಿಟ್ಟರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ' ಎಂದು ನಿಮಗೆಲ್ಲ ಹೇಳುತ್ತಿದ್ದವನು ನಾನು. ಇಂದು ಬೆಂಚಿನ ಮೇಲೆ ನಿಂತೇ ಬರೆಯುತ್ತಿದ್ದೇನೆ ಎಂದು ತಿಳಿಯಿರಿ. ಮಗೂ, ನಿನ್ನಿಂದ ತಪ್ಪಾಗಿರಲಿಲ್ಲ. ತಪ್ಪು ಅಜ್ಜನದು.

ಈಗ ವಿಷಯಕ್ಕೆ ಬರುತ್ತೇನೆ. ಶಬ್ದವಿಲ್ಲದ ವಿಡಿಯೋ ಕೈಗೆ ಬಂದಾಗ ನಾವು ಮೊದಲು ಮಾಡುವ ಕೆಲಸ ಒಂದೋ ಅಂಗಡಿಗೆ ಓಡುವುದು, ಇಲ್ಲವೇ 'ಕಳೆದ ಶಬ್ದವನ್ನು ಮರಳಿ ತರುತ್ತೇವೆ' ಎನ್ನುವ ಆಪ್ ಹುಡುಕುವುದು. ಎರಡೂ ಕಡೆಯ ಕೆಲಸಗಳು. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಶಬ್ದ ಕಡತದಲ್ಲಿ ಇದ್ದು ನಮಗೆ ಕೇಳಿಸುತ್ತಿಲ್ಲವೋ, ಅಥವಾ ಕಡತದಲ್ಲಿಯೇ ಇಲ್ಲವೋ? ಈ ಎರಡನ್ನು ಬೇರ್ಪಡಿಸದೆ ಮಾಡುವ ಚಿಕಿತ್ಸೆಯೆಲ್ಲ ನಾಡಿ ನೋಡದೆ ಕೊಡುವ ಔಷಧ.

ಇದ್ದೂ ಕೇಳಿಸದಿರುವ ಸಂದರ್ಭಗಳು ನೀವು ತಿಳಿದಿರುವುದಕ್ಕಿಂತ ಹೆಚ್ಚು. ಆಂಡ್ರಾಯ್ಡ್ ಫೋನುಗಳಲ್ಲಿ ಕರೆಗಂಟೆಯ ಸದ್ದು ಬೇರೆ, ವಿಡಿಯೋ ಕೇಳಿಸುವ ಸದ್ದು ಬೇರೆ. ಒಂದು ಜೋರಾಗಿದ್ದು ಇನ್ನೊಂದು ಸೊನ್ನೆಯಾಗಿರಬಹುದು. ಬ್ಲೂಟೂತ್ ಇಯರ್‌ಫೋನು ಕಪಾಟಿನಲ್ಲಿದ್ದರೂ ಫೋನಿಗೆ ಜೋಡಣೆಯಾಗಿದ್ದರೆ, ಹಾಡೆಲ್ಲ ಕಪಾಟಿನೊಳಗಿನ ಕತ್ತಲೆಗೆ ಕೇಳಿಸುತ್ತಿರುತ್ತದೆ. ವಾಟ್ಸಾಪಿನಲ್ಲಿ ವಿಡಿಯೋ ಕಳುಹಿಸುವ ಮೊದಲು ಮೇಲ್ಭಾಗದಲ್ಲಿ ಸ್ಪೀಕರಿನ ಪುಟ್ಟ ಚಿಹ್ನೆಯೊಂದು ಕಾಣುತ್ತದೆ; 2021ರಲ್ಲಿ ಬಂದ ಸೌಲಭ್ಯವದು. ಬೆರಳು ತಾಗಿ ಅದು ಮುಚ್ಚಿಕೊಂಡರೆ, ಕಳುಹಿಸಿದವರ ಬಳಿ ಶಬ್ದ ಭದ್ರವಾಗಿದ್ದರೂ ಪಡೆದವರಿಗೆ ಮೂಕ ವಿಡಿಯೋ ತಲುಪುತ್ತದೆ. ಆದ್ದರಿಂದಲೇ, ಬಂದ ಪ್ರತಿಯನ್ನು ನೋಡಿ ಕೈಬಿಡಬೇಡಿ, ತೆಗೆದವರ ಫೋನಿನಲ್ಲಿರುವ ಮೂಲವನ್ನು ಕೇಳಿ ಪಡೆಯಿರಿ ಎಂದು ಮತ್ತೆ ಮತ್ತೆ ಹೇಳುತ್ತೇನೆ.

ಇನ್ನು 2000ದ ದಶಕದ ಕೀಲಿಮಣೆ ಫೋನುಗಳಲ್ಲಿ ತೆಗೆದ ಹಳೆಯ ವಿಡಿಯೋಗಳು. ನಿಮ್ಮಲ್ಲಿ ಹಲವರ ಮನೆಯ ಸಿ.ಡಿ.ಗಳಲ್ಲಿ, ಮೆಮೊರಿ ಕಾರ್ಡುಗಳಲ್ಲಿ ಅವು ಇರಬಹುದು. ಅವುಗಳ ಹೆಸರಿನ ಕೊನೆಗೆ '3ಜಿಪಿ' ಎಂದಿರುತ್ತದೆ, ಶಬ್ದವು ಎ.ಎಂ.ಆರ್. ಎಂಬ, ಮಾತಿಗೆಂದೇ ರೂಪಿಸಿದ ಹಳೆಯ ಸಂಕೇತ ಕ್ರಮದಲ್ಲಿರುತ್ತದೆ. ಇಂದಿನ ಕೆಲವು ತಂತ್ರಾಂಶಗಳಿಗೆ ಆ ಸಂಕೇತ ಬಿಡಿಸಲು ಬಾರದು, ಚಿತ್ರ ಮಾತ್ರ ತೋರಿಸುತ್ತವೆ. ಅದನ್ನು ಕಂಡು "ಹಾಳಾಗಿದೆ" ಎಂದು ಅಳಿಸಿಬಿಟ್ಟರೆ, ಬದುಕಿರುವವರನ್ನೇ ಚಟ್ಟಕ್ಕೆ ಏರಿಸಿದಂತೆ. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶವು (ಪ್ಯಾರಿಸ್ಸಿನ ಕಾಲೇಜೊಂದರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ್ದು, ಎಂಬುದು ಮೇಷ್ಟ್ರಿಗೆ ಹೆಮ್ಮೆಯ ಸಂಗತಿ) ಇಂತಹ ಎಷ್ಟೋ ಕಡತಗಳನ್ನು ಶಬ್ದಸಮೇತ ನುಡಿಸುತ್ತದೆ. ಕಂಪ್ಯೂಟರಿನಲ್ಲಿ ಅದರ 'ಟೂಲ್ಸ್' ಪಟ್ಟಿಯಲ್ಲಿ 'ಕೊಡೆಕ್ ಇನ್‌ಫರ್ಮೇಷನ್' ಎಂಬುದನ್ನು ತೆರೆದರೆ ಕಡತದೊಳಗೆ ಎಷ್ಟು ಧಾರೆಗಳಿವೆ ಎಂದು ತಿಳಿಯುತ್ತದೆ. ವಿಡಿಯೋ, ಆಡಿಯೋ ಎರಡೂ ಇದ್ದರೆ ಆಸೆಯಿದೆ. ವಿಡಿಯೋ ಒಂದೇ ಇದ್ದರೆ ಆ ಕಡತದಲ್ಲಿ ಶಬ್ದವಿಲ್ಲ. ಇಲ್ಲದ್ದನ್ನು ಯಾವ ಆಪ್ ಕೂಡ ಮರಳಿ ತರಲಾರದು, ಎಷ್ಟು ಹಣ ಕೊಟ್ಟರೂ. ಅಕ್ಕನ ವಿಡಿಯೋದಲ್ಲಿ ಒಂದೇ ಧಾರೆಯಿತ್ತು.

ಆಡಿಯೋ ಧಾರೆಯಿದ್ದು ಶಬ್ದ ತೀರ ಕ್ಷೀಣವಾಗಿದ್ದರೆ ಪೂರ್ತಿ ನಿರಾಶರಾಗಬೇಕಿಲ್ಲ. ಆಡಾಸಿಟಿ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಶಬ್ದವನ್ನು ಎತ್ತರಿಸಬಹುದು. ಸುತ್ತಲಿನ ಗದ್ದಲವೂ ಜೊತೆಗೇ ಏರುತ್ತದೆ, ನಿಜ. ಆದರೆ ಗದ್ದಲದ ನಡುವೆ ಕೇಳುವ ತಾಯಿಯ ದನಿ, ದನಿಯೇ ಅಲ್ಲವೇ?

ಶಬ್ದ ಕಡತವನ್ನೇ ಸೇರದಿರಲು ಇರುವ ಕಾರಣಗಳು ಬೇರೆ. ಇಂದಿನ ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಒಂದಕ್ಕಿಂತ ಹೆಚ್ಚು ಮೈಕುಗಳಿರುತ್ತವೆ: ಚಾರ್ಜ್ ಮಾಡುವ ಕಂಡಿಯ ಪಕ್ಕ ಒಂದು, ಮೇಲಂಚಿನಲ್ಲಿಯೋ ಹಿಂಬದಿಯ ಕ್ಯಾಮೆರಾದ ಪಕ್ಕದಲ್ಲಿಯೋ ಇನ್ನೊಂದು. ಕರೆಗೆ ಒಂದು, ವಿಡಿಯೋಗೆ ಮತ್ತೊಂದು ಮುಖ್ಯವಾಗಿ ಕೆಲಸಮಾಡಬಹುದು. ಆದ್ದರಿಂದ 'ಕರೆಯಲ್ಲಿ ಕೇಳಿಸುತ್ತದೆ, ಮೈಕ್ ಸರಿಯಿದೆ' ಎಂಬ ತೀರ್ಮಾನವೂ ತಪ್ಪಾಗಬಹುದು, 'ವಿಡಿಯೋದಲ್ಲಿ ಇಲ್ಲ, ಮೈಕ್ ಹೋಗಿದೆ' ಎಂಬುದೂ ತಪ್ಪಾಗಬಹುದು. ಸೂಜಿಮೊನೆಯಷ್ಟು ಸಣ್ಣ ಆ ರಂಧ್ರವನ್ನು ಅಂದದ ಕವರು ಮುಚ್ಚಿರಬಹುದು. ಅಂಟಿಸಿದ ಹಾಳೆ ಮುಚ್ಚಿರಬಹುದು. ಜೇಬಿನ ನೂಲಿನ ಧೂಳು ತುಂಬಿರಬಹುದು. ವಿಡಿಯೋ ತೆಗೆಯುವವರ ಬೆರಳೇ ಅದರ ಮೇಲೆ ಕುಳಿತಿರಬಹುದು. ಕವರು ತೆಗೆದು, ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ದಯವಿಟ್ಟು ಗುಂಡುಸೂಜಿ ಹಾಕಿ ಚುಚ್ಚಬೇಡಿ, ಒಳಗಿನ ತೆಳುಪೊರೆಗೆ ಪೆಟ್ಟಾಗುತ್ತದೆ.

ಕರೆ ನಡೆಯುತ್ತಿರುವಾಗಲೇ ವಿಡಿಯೋ ತೆಗೆದರೆ ಹಲವು ಫೋನುಗಳಲ್ಲಿ ಮೈಕು ಕರೆಗೇ ಮೀಸಲಾಗಿ, ವಿಡಿಯೋ ಮೂಕವಾಗುತ್ತದೆ. 'ಟೈಮ್ ಲ್ಯಾಪ್ಸ್' ಎಂಬ ವೇಗದ ಚಿತ್ರಣದಲ್ಲಿ ಶಬ್ದವೇ ಇರುವುದಿಲ್ಲ; ಹಲವು ಫೋನುಗಳ ನಿಧಾನಗತಿಯ ಚಿತ್ರಣದಲ್ಲಿಯೂ ಇರುವುದಿಲ್ಲ. ಇನ್ನು ಅನುಮತಿಯ ವಿಷಯ. ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಒಂದೊಂದು ಆಪ್‌ಗೂ ಬಳಸುವ ಹೊತ್ತಿಗೆ ಅನುಮತಿ ಕೇಳುವ ಕ್ರಮ 2015ರಲ್ಲಿ ಬಂತು. ಇಡೀ ಫೋನಿನ ಮೈಕನ್ನು ಒಂದೇ ಗುಂಡಿಯಿಂದ ಮುಚ್ಚುವ ಅನುಕೂಲ 2021ರಲ್ಲಿ ಬಂತು. ಎರಡೂ ಒಳ್ಳೆಯ ಕ್ರಮಗಳೇ. ಗೌಪ್ಯದ ಬಗೆಗೆ ಎಚ್ಚರ ಬೇಡವೆಂದು ನಾನು ಹೇಳುತ್ತಿಲ್ಲ. ಯಾರಿಗೆ ಬಾಗಿಲು ಹಾಕುತ್ತಿದ್ದೇನೆ ಎಂದು ತಿಳಿಯದೆ ಹಾಕಿದೆನಲ್ಲ, ಅದು ನನ್ನ ತಪ್ಪು.

ತಪ್ಪು ನನ್ನದೇ ಆದರೂ ಫೋನು ತಯಾರಿಸುವವರ ಮೇಲೆ ನನಗೊಂದು ದೂರಿದೆ. ನಮ್ಮ ಶಾಲೆಯಲ್ಲಿದ್ದ ಟೇಪ್ ರೆಕಾರ್ಡರನ್ನು ನೆನಪಿಸಿಕೊಳ್ಳಿ. ಅದರಲ್ಲೊಂದು ಪುಟ್ಟ ಕಿಟಕಿ, ಕಿಟಕಿಯಲ್ಲೊಂದು ಮುಳ್ಳು. ನೀವು ಮಾತಾಡಿದರೆ ಮುಳ್ಳು ಕುಣಿಯುತ್ತಿತ್ತು, ಸುಮ್ಮನಾದರೆ ಮಲಗುತ್ತಿತ್ತು. ದನಿ ಒಳಗೆ ಹೋಗುತ್ತಿದೆಯೋ ಇಲ್ಲವೋ ಎಂಬುದು ಕೊನೆಯ ಬೆಂಚಿನವನಿಗೂ ಕಾಣುತ್ತಿತ್ತು. ಅದಕ್ಕಿಂತ ಸಾವಿರ ಪಟ್ಟು ಬುದ್ಧಿವಂತವೆನಿಸಿಕೊಂಡ ಇಂದಿನ ಫೋನಿನ ಸಾಮಾನ್ಯ ಕ್ಯಾಮೆರಾದಲ್ಲಿ ಆ ಮುಳ್ಳು ಸಾಧಾರಣವಾಗಿ ಇರುವುದಿಲ್ಲ. ಕೆಲವು ಫೋನುಗಳಲ್ಲಿ ವೃತ್ತಿಪರರಿಗೆಂದು ಮಾಡಿದ 'ಪ್ರೊ' ವಿಭಾಗದ ಒಳಗೆ ಅಡಗಿರುತ್ತದೆ. ಮದುವೆ ಮನೆಯ ಹುಡುಗ ಅಲ್ಲಿಗೆ ಹೋಗುವುದಿಲ್ಲ. ಚಿತ್ರವನ್ನು ತೆಗೆಯುವಾಗಲೇ ಪರದೆಯ ತುಂಬ ತೋರಿಸುತ್ತಾರೆ. ಮುಖಗಳನ್ನು ಚೌಕಟ್ಟು ಹಾಕಿ ಗುರುತಿಸುತ್ತಾರೆ. ಶಬ್ದದ ಬಗೆಗೆ ಒಂದು ಗೆರೆಯಷ್ಟೂ ಜಾಗವಿಲ್ಲ. 2020ರಿಂದೀಚೆಗೆ ಐಫೋನಿನಲ್ಲಿ, 2021ರಿಂದೀಚೆಗೆ ಆಂಡ್ರಾಯ್ಡಿನಲ್ಲಿ, ಮೈಕು ಬಳಕೆಯಲ್ಲಿದ್ದರೆ ಪರದೆಯ ಮೂಲೆಯಲ್ಲೊಂದು ಬಣ್ಣದ ಚುಕ್ಕೆ ಹೊತ್ತಿಕೊಳ್ಳುತ್ತದೆ. ಯಾರೋ ನಮ್ಮನ್ನು ಕದ್ದು ಕೇಳುತ್ತಿರಬಹುದು ಎಂದು ಎಚ್ಚರಿಸಲು ಚುಕ್ಕೆಯಿಟ್ಟವರಿಗೆ, ನಮ್ಮ ದನಿ ದಾಖಲಾಗುತ್ತಿಲ್ಲ ಎಂದು ತಿಳಿಸಲು ಒಂದು ಮುಳ್ಳಿಡುವುದು ಕಷ್ಟವೇ?

ಅವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಾವು ಬೇಡಲಿಲ್ಲ, ಅವರು ಕೊಡಲಿಲ್ಲ. ನಮಗೆ ಶಬ್ದ ಬೇಕೇ ಆಗಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದರೆ ನಿಮ್ಮ ಮನೆಯ ಮದುವೆಯ ವಿಡಿಯೋವನ್ನೇ ಹಾಕಿ ನೋಡಿ. ಛತ್ರದಲ್ಲಿ ಮೈಕುಗಳಿದ್ದವು, ಓಲಗವಿತ್ತು, ಪುರೋಹಿತರ ಮಂತ್ರವಿತ್ತು, ಧಾರೆಯ ಹೊತ್ತಿನಲ್ಲಿ ಹೆಣ್ಣಿನ ತಂದೆಯ ಬಿಕ್ಕು ಇತ್ತು, ಊಟದ ಪಂಕ್ತಿಯಲ್ಲಿ 'ಸಾರು, ಸಾರು' ಎಂದು ಬಡಿಸುವವರ ಕೂಗಿತ್ತು. ಅಂತಿಮವಾಗಿ ಪೆಟ್ಟಿಗೆಯಲ್ಲಿಟ್ಟು ಕೊಡುವ ವಿಡಿಯೋದಲ್ಲಿ ಇವು ಉಳಿಯುವುದು ಎಷ್ಟು? ಆರಂಭದಿಂದ ಕೊನೆಯವರೆಗೆ ಸಿನಿಮಾ ಹಾಡುಗಳು. ಧ್ವನಿ ಸರಿಯಾಗಿಯೇ ಮುದ್ರಿತವಾಗಿದ್ದರೂ ಕೈಯಾರೆ ಒರೆಸಿ ಹಾಕಿದ್ದು. ಹಣ ಕೊಟ್ಟು ಒರೆಸಿಸಿಕೊಳ್ಳುತ್ತಿದ್ದೇವೆ, ಮತ್ತು "ಎಷ್ಟು ಚೆನ್ನಾಗಿ ಮಾಡಿದ್ದಾರೆ" ಎಂದು ಮೆಚ್ಚುತ್ತಿದ್ದೇವೆ! ಮೊನ್ನೆ ಅಕ್ಕನ ಮೇಲೆ ಹಾಡು ಹಾಕಿದ ಹುಡುಗರು ಈ ಪಾಠವನ್ನು ಕಲಿತದ್ದು ನಮ್ಮಿಂದಲೇ.

ಇದಕ್ಕೆ ಪ್ರತಿಯಾಗಿ ಬರುವ ಮಾತುಗಳನ್ನು ಬಲ್ಲೆ. "ಮುಖವಾದರೂ ಉಳಿದಿದೆಯಲ್ಲ, ಅಷ್ಟು ಸಾಲದೇ?" ಎನ್ನುತ್ತೀರಿ. ಮುಖ ಉಳಿಸುವುದಕ್ಕೆ ಛಾಯಾಚಿತ್ರಗಳು ಸಾವಿರ ಇವೆ. ದನಿ ಮಾತ್ರ ಮರೆತುಹೋಗುತ್ತದೆ. ನಮ್ಮ ಅಮ್ಮನ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವಳು ನನ್ನನ್ನು ಕರೆಯುತ್ತಿದ್ದ ದನಿಯನ್ನು ನೆನಪಿಸಿಕೊಳ್ಳಲು ಹೋದರೆ ನನ್ನದೇ ದನಿ ಕೇಳಿಸುತ್ತದೆ. ಗೌಹರ್ ಜಾನ್ ಅವರನ್ನು ನೆನೆಯಿರಿ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಮುದ್ರಿಸಿಕೊಂಡ ಆ ಗಾಯಕಿ, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದ ಜರ್ಮನಿಯ ಹಾನೋವರಿನಲ್ಲಿ, ಹಾಡು ಯಾರದೆಂದು ತಿಳಿದು ಚೀಟಿ ಅಂಟಿಸಲು ಅದು ಬೇಕಿತ್ತು. ಅವರು ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ. ನೂರಿಪ್ಪತ್ತು ವರ್ಷಗಳು ಕಳೆದರೂ ಅವರು ತಮ್ಮ ಹೆಸರು ಹೇಳುವುದನ್ನು ನಾವು ಕೇಳಬಹುದು. 2023ರಲ್ಲಿ ಹಾಡಿದ ನನ್ನ ಅಕ್ಕನ ದನಿಯನ್ನು ಕೇಳಲಾರೆವು.

"ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಬಳಿ ಹಾರ್ಮೋನಿಯಂ, ತಬಲ ಬಾರಿಸುತ್ತಿರಲಿಲ್ಲವೇ?" ಎಂದು ಮನೆಯ ಬುದ್ಧಿವಂತರೊಬ್ಬರು ವಾದಿಸಿದರು. ಬಾರಿಸುತ್ತಿದ್ದರು. ಆಗ ದನಿ ಹಿಡಿಯುವ ಉಪಾಯ ಚಿತ್ರದವರಿಗಿರಲಿಲ್ಲ. 1934ರಲ್ಲಿ 'ಸತಿ ಸುಲೋಚನ' ಬಂದು ಕನ್ನಡ ಚಿತ್ರ ಮಾತಾಡತೊಡಗಿತು. ಅದಲ್ಲದೆ ಆ ಹಾರ್ಮೋನಿಯಂ ಯಾರ ಹಾಡನ್ನೂ ಒರೆಸಿ ಆ ಜಾಗದಲ್ಲಿ ಕುಳಿತದ್ದಲ್ಲ. ಇನ್ನೊಬ್ಬರು, "ಅತ್ತೆಯ ಬೇರೆ ರೆಕಾರ್ಡಿಂಗ್ ಇದ್ದರೆ ಕೊಡಿ, ಕೃತಕ ಬುದ್ಧಿಮತ್ತೆಯಿಂದ ಅವರ ದನಿಯಲ್ಲೇ ಹಾಡಿಸಿಬಿಡಬಹುದು" ಎಂದರು. ಇರಬಹುದು. ಅದು ಅಕ್ಕನ ದನಿಯಂತಿರುವ ಏನೋ ಒಂದು ಆದೀತೇ ವಿನಾ ಆ ಸಂಜೆ ಅಕ್ಕ ಹಾಡಿದ್ದಾಗದು. ಮೂರನೆಯ ಸಾಲಿಗೆ ಅವಳು ಉಸಿರು ಸಾಲದೆ ನಿಂತು ನಕ್ಕಳಲ್ಲ, ಯಂತ್ರ ಆ ನಗುವನ್ನು ಎಲ್ಲಿಂದ ತಂದೀತು? ಮುಂದೆ ನಮ್ಮ ಮನೆಯ ಮಕ್ಕಳು ಅದನ್ನೇ ನಿಜವೆಂದು ನಂಬಿದರೆ ಹೊಣೆ ಯಾರು?

ಆದ್ದರಿಂದ ನನ್ನ ಮಾತು: ಶಬ್ದ ಹೋಗಿದ್ದರೆ ವಿಡಿಯೋವನ್ನು ಮೂಕವಾಗಿಯೇ ಇಡಿ. ಮೌನವಾದರೂ ಸುಳ್ಳು ಹೇಳುವುದಿಲ್ಲ.

ಹೀಗೆಂದು ನಾನು ಹಟ ಹಿಡಿದ ಮೇಲೆ, ಅಕ್ಕನ ಮಗ ಫೋನಿನಲ್ಲಿದ್ದ ಮೂಲ ವಿಡಿಯೋವನ್ನು ಹುಡುಕಿ, ಮಾರನೆಯ ದಿನ ಬೆಳಿಗ್ಗೆ ಹಾಡಿಲ್ಲದೆ ಟಿ.ವಿ.ಯಲ್ಲಿ ಹಾಕಿದ. ಮನೆಯಲ್ಲಿ ಉಳಿದಿದ್ದವರು ಐದಾರು ಮಂದಿ. ಎಲ್ಲರೂ ಸುಮ್ಮನೆ ನೋಡುತ್ತಿದ್ದೆವು. ನಡುವೆ ನನ್ನ ತಂಗಿ, "ತಡಿ, ತಡಿ, ಹಿಂದಕ್ಕೆ ಹೋಗು" ಎಂದಳು. ಅಕ್ಕನ ತುಟಿಯ ಚಲನೆಯನ್ನೇ ನೋಡುತ್ತಾ, ತೊಡೆಯ ಮೇಲಿನ ತಾಳವನ್ನು ತಾನೂ ಹಾಕುತ್ತಾ, ಮೆಲ್ಲಗೆ ಹೇಳತೊಡಗಿದಳು. ಮೊದಲ ನುಡಿ ಪೂರ್ತಿ ಬಂತು. ಎರಡನೆಯದು ನಾಲ್ಕಾರು ಬಾರಿ ಹಿಂದೆ ಮುಂದೆ ಓಡಿಸಿದ ಮೇಲೆ ಬಂತು. ಮೂರನೆಯ ನುಡಿಯಲ್ಲಿ ಆರತಿ ತಟ್ಟೆ ಹಿಡಿದವರೊಬ್ಬರು ಅಡ್ಡ ಬಂದು ಅಕ್ಕನ ಬಾಯಿ ಕಾಣುವುದಿಲ್ಲ. ಅದು ಬರಲಿಲ್ಲ. ಸಿನಿಮಾ ಹಾಡು ಅಲ್ಲಿದ್ದಿದ್ದರೆ ಮೊದಲೆರಡೂ ಬರುತ್ತಿರಲಿಲ್ಲ ಎಂಬುದನ್ನು ಮಾತ್ರ, ವಾದದಲ್ಲಿ ಗೆದ್ದವನ ಜಂಬದಿಂದಲ್ಲ, ವಿನಯದಿಂದಲೇ ಇಲ್ಲಿ ದಾಖಲಿಸುತ್ತೇನೆ.

ತಂಗಿ ಹೇಳಿದ್ದನ್ನು ಅಂದೇ ಮುದ್ರಿಸಿಕೊಂಡೆವು. ಫೋನು ಹಿಡಿದವನು ಅದೇ ಹುಡುಗ, ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ನಾನು ಅವನಲ್ಲಿ ಕ್ಷಮೆ ಕೇಳಿದ್ದೂ ಅಂದೇ. "ಅಜ್ಜಾ, ನನಗೆ ಅದು ಮರೆತೇಹೋಗಿತ್ತು" ಎಂದ. ಮರೆತಿರಲಿಲ್ಲವೆಂದು ಅವನ ಮುಖವೇ ಹೇಳಿತು. ಮುದ್ರಿಸುವ ಮೊದಲು ಅವನು ತಾನಾಗಿಯೇ ಹತ್ತು ಸೆಕೆಂಡಿನ ಪರೀಕ್ಷೆಯ ವಿಡಿಯೋ ತೆಗೆದು, ಕಿವಿಗೆ ಹಿಡಿದು ಕೇಳಿ, ಆಮೇಲೆ "ಅಜ್ಜಿ, ಈಗ ಹೇಳಿ" ಎಂದ.

ನಿಮಗೆ ನನ್ನ ಮನೆಗೆಲಸವೂ ಅಷ್ಟೇ. ಮುಖ್ಯವಾದದ್ದನ್ನು ತೆಗೆಯುವ ಮೊದಲು ಹತ್ತು ಸೆಕೆಂಡು ತೆಗೆದು ಕೇಳಿ ನೋಡಿ. ಪರದೆ ನೋಡಿದರೆ ಸಾಲದು, ಕೇಳಬೇಕು. ಗೌಹರ್ ಜಾನರಂತೆ ಹಾಡುವವರ ಹೆಸರು, ಊರು, ದಿನ ಹೇಳಿಸಿ. ಎರಡು ಫೋನುಗಳಲ್ಲಿ ತೆಗೆಯಿರಿ. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ, ಒಂದರ ಶಬ್ದವನ್ನು ಇನ್ನೊಂದರ ಚಿತ್ರಕ್ಕೆ ಹೊಂದಿಸುವುದು ಸುಲಭ. ಸಿನಿಮಾದವರು ಹಲಗೆ ಬಡಿಯುವುದೂ ಅದಕ್ಕೇ. ಮುಗಿದ ಕೂಡಲೇ, ಹಾಡಿದವರು ಏಳುವ ಮೊದಲೇ ಕೇಳಿ ನೋಡಿ. ಬಂದಿಲ್ಲವಾದರೆ ಸಂಕೋಚಪಡದೆ "ಇನ್ನೊಮ್ಮೆ ಹೇಳಿ" ಎಂದು ಬೇಡಿಕೊಳ್ಳಿ. ನಾಳೆ ಎನ್ನಬೇಡಿ.

ಕೊನೆಯದಾಗಿ ಬಂಧುಗಳಲ್ಲಿ ಒಂದು ಬಿನ್ನಹ. ಆ ಸಂಜೆ ಚಪ್ಪರದಲ್ಲಿ ಮೂವತ್ತು ನಲವತ್ತು ಜನರಿದ್ದಿರಿ, ಅಷ್ಟೇ ಫೋನುಗಳಿದ್ದವು. ಮಕ್ಕಳು ಕುಣಿಯುವುದನ್ನೋ, ತೋರಣ ಕಟ್ಟುವುದನ್ನೋ, ಹೋಳಿಗೆ ಬೇಯಿಸುವುದನ್ನೋ ಯಾರಾದರೂ ವಿಡಿಯೋ ತೆಗೆದಿರಬಹುದು. ಅದರ ಹಿಂದೆಲ್ಲೋ, ದೂರದಲ್ಲಿ, ಹೆಂಗಸೊಬ್ಬರು ಹಾಡು ಹೇಳುತ್ತಿರುವುದು ಕೇಳಿಸಿದರೆ ದಯವಿಟ್ಟು ನನಗೆ ತಿಳಿಸಿ. ಚಿತ್ರ ಹೇಗಿದ್ದರೂ ಚಿಂತೆಯಿಲ್ಲ. ಮೂರನೆಯ ನುಡಿ ಇನ್ನೂ ಸಿಕ್ಕಿಲ್ಲ.

ಇಂತಿ,
ನಿಮ್ಮ ಮೇಷ್ಟ್ರು